ಬಾಯಿ ತೆಗೆಯದ ಗಂಡ

ಹಾಲಮ್ಮ ಗಂಡನ ಗುಟ್ಕಾ ಪಾಕೀಟುಗಳನ್ನು ತಿಪ್ಪೆಗೆಸೆದು, ಅವನ ರಟ್ಟೆ ಹಿಡಿದು ಶಾಲೆಯಲ್ಲಿ ನಡೆಯುತ್ತಿದ್ದ ಉಚಿತ ಬಾಯಿ ತಪಾಸಣೆಗೆ ಎಳೆದು ತಂದಿದ್ದಳು. ಅವಳ ಅಣ್ಣ ಬಾಯಿಹುಣ್ಣನ್ನು ಮುಚ್ಚಿಟ್ಟು ಮುಚ್ಚಿಟ್ಟು, ಕೊನೆಗೆ ಗಂಜಿಯನ್ನೂ ನುಂಗಲಾರದೆ ಹೋದ ವರ್ಷ ಸತ್ತಿದ್ದ. ಮೊದಲೇ ತೋರಿಸಿದ್ದರೆ ಉಳಿಯುತ್ತಿದ್ದ ಎಂದು ದೊಡ್ಡಾಸ್ಪತ್ರೆಯವರು ಅಂದ ಮಾತು ಅವಳನ್ನು ಇನ್ನೂ ಸುಡುತ್ತಿತ್ತು. ಗಂಡನೂ ಹಾಗೇ ಹೋಗಿಬಿಟ್ಟರೆ?

ಡಾಕ್ಟರಮ್ಮ ಟಾರ್ಚ್ ಹಿಡಿದರು.

“ಬಾಯಿ ತೆಗೀರಿ ಯಜಮಾನ್ರೇ.”

“ನನಗೇನಾಗೇತಿ? ಮನೇಲಿ ಇವಳ ಕಾಟ, ಇಲ್ಲಿ ನಿಮ್ಮ ಕಾಟ.”

“ಸುಮ್ನೆ ತೆಗೀರಿ! ದಿನವೆಲ್ಲ ಆ ಹಾಳು ಗುಟ್ಕಾ ಜಗಿಯೋಕೆ ಬಾಯಿ ತೆರೀತದಲ್ಲ,” ಎಂದು ಹಾಲಮ್ಮ ರೇಗಿದಳು.

“ನೀನು ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ಕಳಲ್ಲೇನು?”

“ಅದು ಉಂಡಮೇಲೆ ಹಾಕ್ಕಳೋದು. ನಮ್ಮವ್ವನೂ ಹಾಕ್ತಿದ್ದಳು. ನಿಮ್ಮ ಗುಟ್ಕಾ ಬ್ಯಾರೆ.”

ಸಾಲಿನಲ್ಲಿದ್ದವರು ನಕ್ಕರು. ಗಂಡ ಸಿಟ್ಟಿನಿಂದ ತುಟಿಯನ್ನು ಚೂರೇ ಚೂರು ಬಿಚ್ಚಿದ.

“ಬಾಯಿಗೇನು ಹೊಲಿಗೆ ಹಾಕ್ಯಾರಾ? ಹಿಂಗೆ ತೆಗೀಬೇಕು, ನೋಡ್ರಿ!” ಎಂದು ಹಾಲಮ್ಮ ಅವನ ಮುಖದೆದುರು ಬಗ್ಗಿ, ತಾನೇ ದೊಡ್ಡದಾಗಿ ಬಾಯಿ ತೆರೆದು ತೋರಿಸಿದಳು.

ಟಾರ್ಚಿನ ಬೆಳಕು ಅವನ ಮುಖದಿಂದ ಸರಿದು ಅವಳ ಕೆನ್ನೆಯೊಳಗೆ ಬಿತ್ತು. ಬಿದ್ದದ್ದು ಅಲ್ಲೇ ನಿಂತಿತು.

“ಅಮ್ಮ, ಬಾಯಿ ಮುಚ್ಚಬೇಡಿ,” ಎಂದರು ಡಾಕ್ಟರಮ್ಮ. ಆಮೇಲೆ ಗಂಡನ ಕಡೆ ತಿರುಗದೆ, ಮೆಲ್ಲಗೆ ಹೇಳಿದರು:

“ಯಜಮಾನ್ರೇ, ನೀವು ಏಳಿ. ಇವರನ್ನ ಕೂರಿಸಿ.”