ಮಾರುವೇಷದ ಟ್ರಸ್ಟಿ

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಬಿಟಿಎಂ ಲೇಔಟಿನ ಹೊಲಿಗೆ ಶಾಲೆಯ ಮೆಟ್ಟಿಲು ಹತ್ತುತ್ತಿದ್ದ ಸೇತುರಾಮರಿಗೆ ಇದ್ದದ್ದು ಒಂದೇ ಭಯ. ಯಾರಾದರೂ ಗುರುತು ಹಿಡಿದುಬಿಟ್ಟರೆ?

ಹಿಡಿಯಲು ಸಾಧ್ಯವೇ ಇರಲಿಲ್ಲ. ಲುಂಗಿ ಎದುರುಮನೆಯ ವಾಚ್‌ಮನ್‌ನದು. ಅಂಗಿ ಹಳೇ ಬಟ್ಟೆಯ ಗಂಟಿನಿಂದ ಎಳೆದದ್ದು. ಹೆಸರು ಜಯದೇವಪ್ಪ, ಮನೆ ಅಂಜನಾಪುರ, ಸೊಸೆಗೆ ಹೊಲಿಗೆ ಕಲಿಸಬೇಕು ಎಂಬ ಕಥೆಯನ್ನು ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದ್ದರು. ಸಂಜೀವಯ್ಯ ಪ್ರತಿಷ್ಠಾನದ ಟ್ರಸ್ಟಿ ಎಂದರೆ ಸುಮ್ಮನೆಯೇ?

ಅವರ ಅಪ್ಪ ಸಂಜೀವಯ್ಯನವರು ಜಯನಗರದ ಎರಡು ಮಳಿಗೆಗಳ ಬಾಡಿಗೆಯನ್ನು ದಾನಕ್ಕೆಂದು ಬರೆದಿಟ್ಟು ಕಣ್ಣು ಮುಚ್ಚಿದ್ದರು. ವರ್ಷಕ್ಕೊಂದು ಒಳ್ಳೆಯ ಸಂಸ್ಥೆಯನ್ನು ಆರಿಸಿ ಆ ಹಣ ಕೊಡಬೇಕು. ಅರ್ಜಿ ಹಾಕಿದವರಲ್ಲಿಗೆ ಮಾರುವೇಷದಲ್ಲಿ ಹೋಗಿ ಒಳಗುಟ್ಟು ತಿಳಿಯುವ ಉಪಾಯವನ್ನು ಮೊದಲು ಹೇಳಿದ್ದು ಹೆಂಡತಿ ಸೀತಾಲಕ್ಷ್ಮಿ, ಸೇತುರಾಮರು ಕಾರ್ಖಾನೆಯ ಸ್ಟೋರ್ಸ್ ಆಫೀಸರ್ ಕೆಲಸದಿಂದ ನಿವೃತ್ತರಾದ ತಿಂಗಳೇ. ಈಗ ಅದು ತಮ್ಮದೇ ಉಪಾಯವೆಂದು ಅವರು ನಂಬಿದ್ದರು.

ಕೊನೆಯ ಸಹಿ ಮಾತ್ರ ಸೀತಾಲಕ್ಷ್ಮಿಯದು. ಅಪ್ಪನಿಗೆ ಮಗನಿಗಿಂತ ಸೊಸೆಯ ಮೇಲೇ ಹೆಚ್ಚು ನಂಬಿಕೆ. ಹೋಗಲಿ ಎಂದರೆ, ಇಷ್ಟು ವರ್ಷಗಳಲ್ಲಿ ಸೇತುರಾಮರು ಮೆಚ್ಚಿದ ಒಂದೇ ಒಂದು ಸಂಸ್ಥೆಯನ್ನೂ ಆಕೆ ಒಪ್ಪಿರಲಿಲ್ಲ. ಸಾಯುವುದರೊಳಗೆ ಒಂದು ಸಲವಾದರೂ ತಮ್ಮ ಮಾತು ನಡೆಯಬೇಕು ಎಂಬುದು ಅವರ ಹಟ.

ಈ ವರ್ಷವೂ ಶುರು ಚೆನ್ನಾಗಿರಲಿಲ್ಲ. ವಸಂತಪುರದ ವಾಚನಾಲಯದವರು ಕಾಫಿ ಕೊಟ್ಟು, ಕೈಮುಗಿದು ಕಳಿಸಿದ್ದರು. ಆ ವಿನಯ ಸೇತುರಾಮರಿಗೆ ಬಹಳ ಹಿಡಿಸಿತು. ಮನೆಗೆ ಬಂದು ಹೊಗಳಿದರೆ ಸೀತಾಲಕ್ಷ್ಮಿಯ ಮುಖ ಬಾಡಿತು.

“ಇಷ್ಟು ಬೇಗ ಕಳಿಸಿಬಿಟ್ರಾ? ನಾನಿನ್ನೂ ಅನ್ನಕ್ಕೇ ಇಟ್ಟಿಲ್ಲ.”

“ಎಂಥಾ ಸಜ್ಜನರು ಗೊತ್ತಾ!”

“ಇರಬಹುದು ರೀ. ಆದ್ರೆ ಅವರು ಬೇಡ ಬಿಡಿ.”

ಸುಬ್ರಹ್ಮಣ್ಯಪುರದ ಗಿಡ ನೆಡುವ ಗುಂಪಿನವರಂತೂ ಇನ್ನೂ ಒಳ್ಳೆಯವರು. ‘ಬಿಸಿಲಲ್ಲಿ ನಿಮಗ್ಯಾಕೆ ತೊಂದರೆ ಅಂಕಲ್’ ಎಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಜಯನಗರದ ಮನೆ ಬಾಗಿಲಿಗೇ ತಂದು ಇಳಿಸಿದರು. ಅವರ ವಿಷಯದಲ್ಲೂ ಸೀತಾಲಕ್ಷ್ಮಿ ಅದೇ ಉತ್ತರ ಕೊಟ್ಟಳು. ದಾನಧರ್ಮದ ಸೂಕ್ಷ್ಮ ಇವಳಿಗೆಲ್ಲಿ ತಿಳಿಯಬೇಕು ಎಂದು ಕೊರಗಿ, ಆ ಬೇಸರ ಕಳೆಯಲು ಸೇತುರಾಮರು ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು. ಅಂದು ರಾತ್ರಿ ಸಾರಿಗೆ ಸಕ್ಕರೆ ಬಿತ್ತು.

ಉಳಿದದ್ದು ಈ ಹೊಲಿಗೆ ಶಾಲೆ. ಗದಗದ ಕಡೆಯ ಮುರಿಗೆವ್ವ ಎಂಬಾಕೆ ಊರು ಬಿಟ್ಟು ಬಂದ ಹೆಂಗಸರಿಗೆ ಪುಕ್ಕಟೆ ಹೊಲಿಗೆ ಕಲಿಸುವ ಜಾಗ. ಬಾಗಿಲಲ್ಲಿ ನಿಂತ ಮಂಕಿ ಕ್ಯಾಪನ್ನು ಆಕೆ ಮೆಷಿನ್ನಿನಿಂದ ತಲೆಯೆತ್ತಿ ಒಮ್ಮೆ ನೋಡಿದಳು.

“ಬರ್ರಿ ಅಜ್ಜಾರ, ಕುಂದರ್ರಿ.”

ಹೆಸರು ಕೇಳಲಿಲ್ಲ. ಊರು ಕೇಳಲಿಲ್ಲ. ಈ ಸೆಕೆಯಲ್ಲಿ ಉಣ್ಣೆ ಟೋಪಿ ಯಾಕೆ ಎಂದೂ ಕೇಳಲಿಲ್ಲ. ಬಾಯಿಪಾಠವೆಲ್ಲ ದಂಡವಾಯಿತಲ್ಲ ಎಂದು ಸೇತುರಾಮರಿಗೆ ಕಸಿವಿಸಿಯಾಯಿತು.

“ನಮ್ಮ ಸೊಸೆಗೆ ಹೊಲಿಗೆ...”

“ಅದನ್ನ ಆಮ್ಯಾಲೆ ಹೇಳೀರಂತ. ಸುಮ್ನ ಯಾಕ ಕುಂದರ್ತೀರಿ? ಈ ಗುಂಡಿ ಬಣ್ಣ ನೋಡಿ ಬ್ಯಾರೆ ಮಾಡ್ರಿ.”

ಬಕೆಟ್ಟಿನ ತುಂಬ ಗುಂಡಿಗಳು! ಸೇತುರಾಮರ ಒಳಗಿನ ಸ್ಟೋರ್ಸ್ ಆಫೀಸರ್ ಮೈಮುರಿದು ಎದ್ದ. ಬಣ್ಣ ಮಾತ್ರ ಸಾಕೇ? ಗಾತ್ರ ಬೇಡವೇ? ಎರಡು ತೂತಿನದು, ನಾಲ್ಕು ತೂತಿನದು ಬೇರೆಬೇರೆ ಇರಬೇಡವೇ? ಗುಂಡಿ ಮುಗಿಸಿ ದಾರಕ್ಕೆ ಕೈ ಹಾಕಿದರು. ನಡುವೆ ಜೋಳದ ರೊಟ್ಟಿ, ಎಣಗಾಯಿ ಬಂತು. ಉಂಡ ಮೇಲೆ ಬೀರುವನ್ನೇ ಬರಿದು ಮಾಡಿ ಹೊಸದಾಗಿ ಜೋಡಿಸಿದರು. ಕತ್ತರಿಯನ್ನು ಎಲ್ಲೆಂದರಲ್ಲಿ ಇಟ್ಟಿದ್ದ ಹುಡುಗಿಯರಿಗೆ ಗದರಿದರು. ಒಬ್ಬಳೂ ಮುಖ ಊದಿಸಿಕೊಳ್ಳಲಿಲ್ಲ. “ಆತ್ರಿ ಅಜ್ಜಾರ” ಎಂದು ಹೇಳಿದ ಹಾಗೆಯೇ ಕೇಳಿದರು. ಮನೆಯಲ್ಲಿ ಯಾರು ಹೀಗೆ ಕೇಳುತ್ತಾರೆ? ಇಂಥವರಿಗೆ ಕೊಡದೆ ಇನ್ಯಾರಿಗೆ ಕೊಡುವುದು!

ಹೊರಟಾಗ ಬೀದಿದೀಪ ಹತ್ತಿತ್ತು.

“ನಾಳಿಗೂ ಬರ್ರಿ. ಲೇಸಿನ ಪೆಟಿಗಿ ಹಂಗ ಉಳದೈತಿ” ಎಂದಳು ಮುರಿಗೆವ್ವ.

ಜಗಳಕ್ಕೆ ಸಿದ್ಧವಾಗಿಯೇ ಮನೆಗೆ ಬಂದರು. ಮಧ್ಯಾಹ್ನ ಒಳ್ಳೆಯ ನಿದ್ದೆಯಾಗಿತ್ತೆಂದು ಕಾಣುತ್ತದೆ, ಸೀತಾಲಕ್ಷ್ಮಿಯ ಮುಖ ಕಳೆಕಳೆಯಾಗಿತ್ತು.

“ಈಗ ಬರ್ತಿದೀರಾ? ಊಟ?”

“ಅಲ್ಲೇ ಆಯ್ತು. ನೋಡು ಸೀತಾ, ಈ ವರ್ಷ ಮುರಿಗೆವ್ವನಿಗೇ ಕೊಡ್ಬೇಕು. ನೀನು ಏನೇ ಹೇಳು, ನಾನು ಕೇಳಲ್ಲ.”

“ಅವರೇನು ಬೇಜಾರು ಮಾಡ್ಕೊಳ್ಳಲಿಲ್ವಾ?”

“ಬೇಜಾರಾ? ನಾಳೆನೂ ಬನ್ನಿ ಅಂದ್ರು!”

ಸೀತಾಲಕ್ಷ್ಮಿಯ ಕಣ್ಣಲ್ಲಿ ನೀರಾಡಿತು. “ರೀ, ನಿಮ್ಮ ಆಯ್ಕೆ ಅಂದ್ರೆ ಆಯ್ಕೆ. ಚೆಕ್ ಬುಕ್ ತನ್ನಿ.”

ಸೇತುರಾಮರ ಕಾಲು ನೆಲಕ್ಕೆ ತಾಗಲಿಲ್ಲ. ಕೊನೆಗೂ ತಮ್ಮ ಮಾತು ನಡೆದಿತ್ತು.

ಮುರಿಗೆವ್ವ ಚೆಕ್ ಪಡೆಯಲು ಜಯನಗರಕ್ಕೆ ಬಂದ ದಿನ ಸೇತುರಾಮರು ಜರಿಪಂಚೆ ಉಟ್ಟು, ಕೋಣೆಯ ಬಾಗಿಲ ಹಿಂದೆ ಕಾದಿದ್ದು, ಸರಿಯಾದ ಗಳಿಗೆಯಲ್ಲಿ ಹೊರಗೆ ಬಂದರು.

“ಗುರುತು ಸಿಕ್ತೇನಮ್ಮಾ? ಆವತ್ತಿನ ಆ ಅಜ್ಜ ಬೇರೆ ಯಾರೂ ಅಲ್ಲ. ನಾನೇ!”

ಆಕೆ ಬೆಚ್ಚಿಬೀಳಲೆಂದು ಕಾದರು. ಮುರಿಗೆವ್ವ ಚೆಕ್ಕನ್ನು ಕಣ್ಣಿಗೊತ್ತಿಕೊಂಡು ಸೀತಾಲಕ್ಷ್ಮಿಯ ಕಡೆ ತಿರುಗಿದಳು.

“ಫೋನಿನ್ಯಾಗ ನೀವು ಅಂಜಿಸಿದಷ್ಟೇನೂ ತ್ರಾಸ ಇಲ್ರಿ ಅಮ್ಮಾರ, ನಿಮ್ಮ ಯಜಮಾನ್ರದ್ದು. ಮಾತು ಕೊಟ್ಟಂಗ ವರ್ಷಪೂರ್ತಿ ಮುಂಜಾನಿಂದ ಸಂಜೀತನಾ ಅವರನ್ನ ನಾವ ಇಟ್ಕೋತೀವಿ. ರವಿವಾರ ಒಂದಿನ ಮಾತ್ರ ನೀವ ಸಂಭಾಳಸ್ಬೇಕ್ರಿ.”