ಗಾಳಿ ಬರುವ ಸುರಂಗ

ಸುರಂಗದ ಬಾಯಿ ಕಂಡದ್ದೇ ತಡ, ಗೋಪಾಲಕೃಷ್ಣ ಚೀಲದಿಂದ ಟಾರ್ಚ್ ತೆಗೆದ. ಕಾತ್ಯಾಯನಿ ನೋಡಿದಳು.

ಏನೂ ಅನ್ನಬಾರದೆಂದು ತೀರ್ಮಾನಿಸಿಯೇ ಅವಳು ಅವನನ್ನು ಕಾಶಿಯಿಂದ ಚುನಾರ್ ದಾಟಿ ಈ ಕಲ್ಲುಗುಡ್ಡಕ್ಕೆ ಕರೆತಂದಿದ್ದಳು. ಅವನನ್ನು ಮದುವೆಯಾಗುವುದೋ ಬೇಡವೋ, ಸಂಜೆಯೊಳಗೆ ಮಾವ ಬದರೀನಾರಾಯಣರಿಗೆ ಉತ್ತರ ಕೊಡಬೇಕಿತ್ತು. ಗುಹೆ, ಹಳೇ ಗಣಿ ಕಂಡಲ್ಲೆಲ್ಲ ನುಗ್ಗುವ ಗಂಡಸಿನ ಜೊತೆ ಅವಳು ಒಮ್ಮೆ ಬಾಳಿದ್ದಾಗಿತ್ತು. ಇವನು ಒಳಗೆ ಹೋದರೆ ಮದುವೆ ಇಲ್ಲ. ಹೋಗದಿದ್ದರೆ ಹೂಂ. ಇದನ್ನು ಅವನಿಗೆ ಹೇಳಿರಲಿಲ್ಲ.

ಹಿಂದಿನಿಂದ ಶರಣ ನೀರಿನ ಬಾಟಲಿ ಹಿಡಿದು ಏದುಸಿರು ಬಿಡುತ್ತ ಬಂದ. ಕಾಶಿಯಲ್ಲಿ ಕನ್ನಡದವರ ಮಠವೊಂದರ ಜೀಪು ಓಡಿಸುವವನು. ಕಲಬುರಗಿ ಬಿಟ್ಟು ಬಂದು ಇನ್ನೂ ಹೊಸದು. ಜೀಪಿಗೆ ಬ್ರೇಕ್ ಇತ್ತು, ಅವನ ಬಾಯಿಗೆ ಇರಲಿಲ್ಲ.

"ಇದ ಏನ್ರಿ ಅಕ್ಕಾರ, ಆ ಸುರಂಗ?"

"ಇದೇ."

"ಏನ ಅನ್ರಿ, ನಿಮ್ಮ ಮಾವನೋರು ಭಾಳ ದೊಡ್ಡ ಮನಸಿನವ್ರು. ಸೊಸಿಗೆ ತಾವ ನಿಂತು ಗಂಡು ಹುಡುಕೋದಂದ್ರ ಸಣ್ಣ ಮಾತೇನ್ರಿ?"

"ಹುಡುಕಲಿಲ್ಲ. ಅವರೇ ಬಾಗಿಲಿಗೆ ಬಂದರು."

ಶರಣ ಗೋಪಾಲಕೃಷ್ಣನ ಬೆನ್ನು ನೋಡಿ ದನಿ ತಗ್ಗಿಸಿದ. "ಆ ಅಂಗಿ ಹೋದವರದಂತಲ್ರಿ. ಪದ್ಮಾಬಾಯಿ ಅಮ್ಮಾರು ಹೇಳಿದ್ರು."

"ಅಳತೆ ಸರಿಹೋಯಿತು."

"ಹೋಗಲಿ ಬಿಡ್ರಿ. ಆದ್ರ ಹೋದ ವಾರ ಸೋನಾರ್‌ಪುರದಿಂದ ಅಷ್ಟು ತುಪ್ಪದ ಡಬ್ಬಿ ತಂದು ನಿಮ್ಮ ಮನ್ಯಾಗ ಇಳಿಸಿದೆ. ಕೂಸಿಗೆ ಹೆಸರಿಡೋದೈತಿ ಅಂದ್ರು. ಎಷ್ಟೊತ್ತು ಕುಂತ್ರೂ ಕೂಸಿನ ಅಳು ಕೇಳಲಿಲ್ಲ ನೋಡ್ರಿ."

"ಅದು ಅಳುವುದಿಲ್ಲ."

"ಭಾಳ ಶಾಣ್ಯಾ ಕೂಸು ಬಿಡ್ರಿ."

ಕಾತ್ಯಾಯನಿಗೆ ನಗಬೇಕೆನಿಸಿತು. ತುಟಿ ಅಲುಗಲಿಲ್ಲ. ಕಳೆದ ಚಳಿಗಾಲದಿಂದ ಅವಳ ಮೈ ಹೀಗೆಯೇ, ಯಾರದೋ ಮನೆಯಲ್ಲಿ ಇಟ್ಟು ಬಂದ ಸಾಮಾನಿನಂತೆ.

ಅವತ್ತೂ ಅವಳು ಇದೇ ಬಂಡೆಯ ಮೇಲೆ ಕೂತಿದ್ದಳು. "ಎರಡೇ ನಿಮಿಷ," ಎಂದು ಗಂಡ ವಿನಯ ಬಗ್ಗಿ ಒಳಗೆ ಹೋದ. ಬೇಡವೆಂದು ಇವಳು ಕೂಗಿದಳು. ಅವನು ನಗುತ್ತ ಹೋದ. ಆಮೇಲೆ ಗುಡ್ಡ ಒಳಗೊಳಗೇ ಕೆಮ್ಮಿದಂತೆ ಶಬ್ದ, ಧೂಳು. ಯಂತ್ರ ತಂದು ಮಣ್ಣು ತೆಗೆದರು. ಅವನ ಒಂದು ಚಪ್ಪಲಿ ಸಿಕ್ಕಿತು. ಇನ್ನೂ ಅಗೆದರೆ ಗುಡ್ಡವೇ ಕೂರುತ್ತದೆಂದು ನಿಲ್ಲಿಸಿದರು.

ದೇಹ ಸಿಗದವರಿಗೆ ಮುತ್ತುಗದ ಎಲೆಯ ಬೊಂಬೆ ಕಟ್ಟಿ ಸುಡುವುದು ಶಾಸ್ತ್ರ. ದಕ್ಷಿಣದಿಂದ ಬಂದ ಯಾತ್ರಿಕರಿಗೆ ಅದನ್ನು ಎಷ್ಟೋ ಸಲ ಮಾಡಿಸಿದ್ದ ಬದರೀನಾರಾಯಣರು ಹರಿಶ್ಚಂದ್ರ ಘಾಟಿನಲ್ಲಿ ಸ್ವಂತ ಮಗನಿಗೂ ಮಾಡಿದರು. ಎಲೆ ಎಲೆಯಾಗಿ ಕೈ ಕಟ್ಟಿದರು, ಕಾಲು ಕಟ್ಟಿದರು. "ನಾವೇ ಒಂದೆಳೆ ಬಿಟ್ಟರೆ ಬಂದವರಿಗೆ ಯಾವ ಮುಖ ಇಟ್ಟುಕೊಂಡು ಹೇಳೋದು?" ಎಂದರು. ಕಾತ್ಯಾಯನಿಯ ತಾಳಿ ಬಿಚ್ಚಿಸಿದರು. ಆಮೇಲೆ ಒಂದು ದಿನ, ವಿನಯ ಎಂಬ ಹೆಸರನ್ನು ಇನ್ನು ಈ ಮನೆಯಲ್ಲಿ ಯಾರೂ ಕರೆಯಕೂಡದು ಎಂದರು. ಯಾರೂ ಕರೆಯಲಿಲ್ಲ.

ಗೋಪಾಲಕೃಷ್ಣ ಬಾಗಿಲಿಗೆ ಬಂದ ಬೆಳಿಗ್ಗೆ ಅತ್ತೆ ಪದ್ಮಾಬಾಯಿ ಹೊಸ್ತಿಲಲ್ಲೇ ಕುಸಿದು ಅತ್ತರು. ಕಾತ್ಯಾಯನಿ ಅಕ್ಕಿ ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು. ಅವನನ್ನು ನಡುಮನೆಯಲ್ಲಿ ಮಲಗಿಸಿದರು. ದೀಪ ಆರಿಸಿದರೆ ಎದ್ದು ಕೂರುತ್ತಾನೆಂದು ಅತ್ತೆ ಹೇಳಿದರು. ಮದುವೆಯ ಮಾತು ತೆಗೆದವರು ಮಾವ. "ಬಲವಂತ ಇಲ್ಲಮ್ಮ. ನೀನೀಗ ಯಾರ ಹೆಂಡತಿಯೂ ಅಲ್ಲ. ಶಾಸ್ತ್ರ ನಿನ್ನನ್ನು ಬಿಟ್ಟಿದೆ."

ಈಗ ಗೋಪಾಲಕೃಷ್ಣ ಸುರಂಗದ ಮುಂದೆ ಮಂಡಿಯೂರಿದ. ಅಂಗೈ ಒಡ್ಡಿದ.

"ಗಾಳಿ ಬರ್ತಿದೆ," ಎಂದ.

"ಗವ್ಯಾಗ ಗಾಳಿ ಎಲ್ಲಿಂದ ಬರಬೇಕ್ರಿ?" ಶರಣ ಕೇಳಿದ.

"ಆ ಕಡೆ ಇನ್ನೊಂದು ಬಾಯಿದೆ. ಸಣ್ಣದು."

ಅವನು ಟಾರ್ಚ್ ಹಚ್ಚಿದ. ತಲೆ ಒಳಗೆ ಹಾಕಿದ. ಆಮೇಲೆ ಭುಜ. ಕಾತ್ಯಾಯನಿ ಬಂಡೆಯ ಅಂಚು ಹಿಡಿದಳು. ಕೂಗಿ ನಿಲ್ಲಿಸಿದರೆ ಅದು ಅವಳ ಉತ್ತರ ಆಗುತ್ತಿತ್ತು, ಅವನದಲ್ಲ.

ಬೆಳಕು ಒಳಗಿನ ಗೋಡೆಯ ಮೇಲೆ ನಡುಗಿತು. ಆರಿತು. ಅವನು ಹಿಂದಕ್ಕೆ ಸರಿದ, ಎದ್ದ, ಕುಂಟುತ್ತ ಬಂದು ಟಾರ್ಚನ್ನು ಅವಳ ಮಡಿಲಲ್ಲಿಟ್ಟ.

"ಇದು ನಿನ್ನ ಹತ್ತಿರವೇ ಇರಲಿ."

ಅವಳು ಟಾರ್ಚಿನ ಸೆಲ್ಲುಗಳನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಫೋನ್ ತೆಗೆದು ಹೇಳಿದಳು: "ಮಾವಾ, ಸೋಮವಾರಕ್ಕೆ ಆಗಲಿ."

ಗುಡ್ಡ ಇಳಿದು ಜೀಪು ಹತ್ತಿದರು. ಗೋಪಾಲಕೃಷ್ಣ ಹಿಂದಿನ ಸೀಟಿನಲ್ಲಿ ಕಿಟಕಿ ಪೂರ್ತಿ ಇಳಿಸಿಕೊಂಡು ಕೂತ. ಶರಣನಿಗೆ ಖುಷಿಯೋ ಖುಷಿ. ಒಂದೇ ತಿಂಗಳಲ್ಲಿ ಒಂದೇ ಮನೆಯ ಎರಡು ಊಟ.

"ಅಂದಂಗ ಅಕ್ಕಾರ, ಆ ಕೂಸಿಗೆ ಏನಂತ ಹೆಸರಿಟ್ರಿ? ಹೇಳಲೇ ಇಲ್ಲ."

"ಗೋಪಾಲಕೃಷ್ಣ."

ಜೀಪು ನಿಧಾನವಾಯಿತು. ಶರಣ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದ.

"ಸುಟ್ಟ ಮೇಲೆ ತಿರುಗಿ ಬಂದವರು ಮತ್ತೆ ಹುಟ್ಟಬೇಕು, ಶರಣ," ಎಂದಳು ಕಾತ್ಯಾಯನಿ. "ತುಪ್ಪದಲ್ಲಿ ಮೀಯಿಸಿ, ಹೆಸರಿಟ್ಟು, ಜನಿವಾರ ಹಾಕಿ, ಹಳೇ ಹೆಂಡತಿ ಒಪ್ಪಿದರೆ ಮದುವೆ. ಇವರು ಆ ಕಡೆಯ ಬಾಯಿಂದ ಹೊರಗೆ ಬಿದ್ದಿದ್ದರು. ಯಾವುದೋ ಆಸ್ಪತ್ರೆಯಲ್ಲಿ ತಲೆ ನೆಟ್ಟಗಾಗಿ ತಮ್ಮ ಹೆಸರು ಹೇಳುವ ಹೊತ್ತಿಗೆ ನಾವು ಬೊಂಬೆ ಸುಟ್ಟಾಗಿತ್ತು."