ಹುರುಳಿ ಹಾಸಿದ ರಸ್ತೆ

"ಲಾರಿ ಬಲಗಡೆಗೆ ಬಂದಿತ್ತು. ಹೌದೋ ಅಲ್ಲೋ, ಅಷ್ಟು ಹೇಳವ್ವ," ಎಂದ ಪೊಲೀಸ್ ದಫೇದಾರ, ಹುಣಸೆಮರದ ನೆರಳಲ್ಲಿ ಕೂತು. ಬೊಮ್ಮಕ್ಕ ರಸ್ತೆಯ ಕಡೆ ನೋಡಿದಳು. ಗಾಡಿಗಳು ತುಳಿದು ಕಾಳು ಉದುರಲೆಂದು ಜಗಳೂರು ರಸ್ತೆಯ ಬಲಕ್ಕೆ ಹಾಸಿದ್ದ ಹುರುಳಿ ಇನ್ನೂ ಹಾಗೇ ಇತ್ತು. ಬಿಸಿಲಿಗೆ ಅದೇ ಬಳ್ಳಿ ಹೊದ್ದು ಮಲಗಿ, ಲಾರಿಯಡಿ ಸಿಕ್ಕ ಗಂಡ ದುರುಗಣ್ಣನ ಹೆಣವನ್ನು ಆಸ್ಪತ್ರೆಗೆ ಸಾಗಿಸಿದ್ದರು.

ಲಾರಿ ಡ್ರೈವರ್ ಕಲ್ಲೇಶಪ್ಪ ಕೈಕಟ್ಟಿ ನಿಂತಿದ್ದ. ತಾನು ಹೂಂ ಎಂದರೆ ಅವನಿಗೆ ಜೈಲು ಎಂಬುದು ಬೊಮ್ಮಕ್ಕನಿಗೆ ಗೊತ್ತಿತ್ತು.

"ಎಡಕ್ಕೇ ಹೊಂಟಿದ್ದ ಸ್ವಾಮಿ. ಹುರುಳಿ ತುಳಿಸಾಕೆ ನಾನೇ ಕರೆದೆ. ನಮ್ಮನೆಯೋರು ಉಣ್ಣಾಕೆ ಹೋಗ್ಯಾರೆ ಅಂದ್ಕೊಂಡಿದ್ದೆ."

"ರೂಲ್ಸು ಗೊತ್ತಿರೋ ಡ್ರೈವರು, ನೀನು ಕರೆದ್ರೆ ಬಂದುಬಿಡ್ತಾನಾ? ಹೆಂಗೆ ಕರೆದೆ, ತೋರ್ಸು."

ಬೊಮ್ಮಕ್ಕ ಎದ್ದು ರಸ್ತೆಯ ಅಂಚಿಗೆ ಹೋದಳು. ಬೆಳಗ್ಗೆ ಮಾಡಿದಂತೆಯೇ ಬಲಗೈ ಎತ್ತಿ ಹುರುಳಿಯ ಕಡೆಗೆ ಬೀಸಿದಳು.

ದೂರದಲ್ಲಿ ಬರುತ್ತಿದ್ದ ಇನ್ನೊಂದು ಲಾರಿ ವೇಗ ತಗ್ಗಿಸಿತು. ಎಡ ಬಿಟ್ಟು ಬಲಕ್ಕೆ ಹೊರಳಿ, ರಕ್ತ ಆರದ ಹುರುಳಿಯ ಮೇಲೆ ಮೆಲ್ಲಗೆ ಹತ್ತಿತು.